ದೊಡ್ಡ ಚಮಚದ ಉಪ್ಪು

ಅಪ್ಪ ಬಡಿಸುವ ಚಮಚದ ತುಂಬ ಉಪ್ಪು ಎತ್ತಿ ಟೊಮೆಟೊ ಸೂಪಿಗೆ ಸುರಿದೇಬಿಟ್ಟರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಒಲೆಯ ಬದಿಗೆ ಅವಳೇ ಬರೆದ ಎಂಟು ಚೀಟಿಗಳಿದ್ದವು. ಅಡುಗೆಯ ಗಂಧಗಾಳಿ ಇಲ್ಲದವರೂ ಒಂದೊಂದೇ ಚೀಟಿ ತಿರುವಿ ಸೂಪ್ ಮಾಡಿ ಗೆಲ್ಲುವಂತೆ ಅವಳು ಕಟ್ಟಿದ ಆಟ ಅದು. ಆಡುವವರಿಗೆ ಹೇಳಿಕೊಡಬಾರದು ಎಂದು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು.

ರುಚಿ ನೋಡಿದ ಅಪ್ಪ ಮುಖ ಕಿವುಚಿದರು. "ಥೂ, ಬರೀ ಉಪ್ಪು! ನನ್ನಂಥೋನಿಗೆ ಇದೆಲ್ಲ ಎಲ್ಲಿ ಬರತ್ತೆ?"

"ತಪ್ಪು ನಿಮ್ದಲ್ಲಪ್ಪ, ನನ್ನ ಚೀಟೀದು. ಯಾವ ಚಮಚ ಅಂತ ನಾನೇ ಹೇಳಿಲ್ವಲ್ಲ." ಅವಳು 'ಒಂದು ಚಮಚ' ಎಂಬುದನ್ನು ಪೆನ್ನಿನಲ್ಲಿ ಹೊಡೆದುಹಾಕಿ, ಅಲ್ಲೇ ಸಕ್ಕರೆ ಡಬ್ಬಿಯ ಪುಟ್ಟ ಚಮಚದ ಚಿತ್ರ ಬರೆದಳು.

ಅಪ್ಪ ಅವಳನ್ನೇ ನೋಡುತ್ತ ನಿಂತರು. ಇಪ್ಪತ್ತು ವರ್ಷದಿಂದ ಊರಿನವರಿಗೆಲ್ಲ ಕಾರು ಓಡಿಸಲು ಕಲಿಸುತ್ತಿದ್ದವರು ಅವರು. ಕಲಿಯುವವರು ಎಡವಿದರೆ ತಮ್ಮ ಕಾಲಡಿಯ ಬ್ರೇಕ್ ಒತ್ತಿ, "ತಲೇಲಿ ಏನ್ ತುಂಬ್ಕೊಂಡಿದೀಯ?" ಎಂದು ಗದರುವುದೇ ಅವರ ಪಾಠ. ಪಾಠದಲ್ಲೂ ತಪ್ಪಿರಬಹುದೆಂದು ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ.

"ಕಾಲೇಜಿನ ಅರ್ಜಿ ಕಳಿಸಿದ್ಯಾ?"

"ಸಂಜೆ ಕೊಟ್ಟು ಬರ್ತೀನಿ. ಗೇಮ್ ಡಿಸೈನ್ ಬಿಟ್ಟೆ. ನೀವು ಹೇಳ್ದ ಹಾಗೇ ಕಂಪ್ಯೂಟರ್ ಸೈನ್ಸ್ ಅಂತ ಬರ್ದಿದೀನಿ."

ಅಪ್ಪ ಒಲೆ ಆರಿಸಿದರು.

"ಪೆನ್ನು ಹೇಗೂ ಕೈಲಿದೆ, ಆ ಅರ್ಜೀನೂ ತಿದ್ದಿಬಿಡು ಪುಟ್ಟಿ. ಅದು ನನ್ನ ಚೀಟೀದು ತಪ್ಪು."