ನೂರಕ್ಕೆ ನೂರು

ಅಗ್ಗದ ರೇಡಿಯೋ ಮಾಡ್ಯೂಲ್ ತಂದು ವಿಶ್ವಂಭರರು ತಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ದಿನ ನೀರಿನ ಮಟ್ಟ ತಿಳಿಸುವ ವೈರ್‌ಲೆಸ್ ಮಾಪಕ ಕೂರಿಸಿದರು. ತಾರಸಿಯ ಟ್ಯಾಂಕಿನಲ್ಲಿ ಎಷ್ಟು ನೀರಿದೆಯೆಂದು ಇನ್ನು ಅಡುಗೆಮನೆಯ ಪೆಟ್ಟಿಗೆಯೇ ಹೇಳುತ್ತದೆ. ಎರಡು ಮನೆಗೂ ಒಂದೇ ಥರದ ಪೆಟ್ಟಿಗೆ.

ಮರುದಿನ ಹೆಂಡತಿ ಕೂಗಿದರು: "ರೀ, ನಲ್ಲೀಲಿ ಒಂದು ತೊಟ್ಟೂ ನೀರಿಲ್ಲ!"

"ನೂರಕ್ಕೆ ನೂರು ತೋರಿಸ್ತಿದೆ ಕಣೇ. ಪೈಪ್ ಕಟ್ಟಿಕೊಂಡಿರ್ಬೇಕು."

"ಒಂದ್ಸಲ ಮೇಲೆ ಹತ್ತಿ ನೋಡ್ಬಾರ್ದಾ?"

"ಹತ್ತಿ ನೋಡೋದಾದ್ರೆ ವೈರ್‌ಲೆಸ್ ಯಾಕೆ ಬೇಕಿತ್ತು?"

ವಿಜ್ಞಾನವನ್ನೇ ನಂಬದವಳ ಹತ್ತಿರ ಏನು ವಾದ ಎಂದುಕೊಂಡು ಅವರು ಪ್ಲಂಬರ್‌ನನ್ನು ಕರೆಸಿದರು. ಬಚ್ಚಲಿನ ಗೋಡೆ ಅರ್ಧ ಒಡೆದಾಗಿತ್ತು. ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯಾಕೆ ಕರೆದರು:

"ಸಾರ್, ನೀವು ಕೊಟ್ಟ ಪೆಟ್ಟಿಗೆ ಟ್ಯಾಂಕ್ ಖಾಲಿ ಅಂತಾನೇ ತೋರಿಸ್ತಿದೆ. ಬೆಳಿಗ್ಗೆಯಿಂದ ಮೋಟರ್ ಹಾಕೇ ಇದ್ದೀವಿ, ನೀರು ಉಕ್ಕಿ ರಸ್ತೆಗೆ ಹರೀತಿದೆ!"