ಆಕಾಶದ ಮೇಲೆ ಗುಡ್ ಮಾರ್ನಿಂಗ್

ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದಂತೆ ಎದುರು ಮನೆಯ ಯಶೋದಾಬೆನ್ ತಮ್ಮ ಮೊಬೈಲನ್ನು ಪ್ರೇಮಾಳ ಮೂಗಿನ ತುದಿಗೇ ತಂದು ಹಿಡಿದರು. "ಪ್ರೇಮಾಬೆನ್, ಬಹು ಸರಸ್! ಆಜ್ ಕಾ ಕೇಸುಡಾ ಬಹುತ್ ಅಚ್ಛಾ ಹೈ. ಔರ್ ಯೇ ಚಾಯ್ ಕಾ ಕಪ್ ತೋ ಏಕ್‌ದಮ್ ಅಸಲೀ ಲಗ್ತಾ ಹೈ!"

ಪ್ರೇಮಾ ನೋಡಿದಳು. ಮುತ್ತುಗದ ಹೂವು ಅವಳದೇ. ಅದರ ಹಿಂದೆ ಮಸುಕಾಗಿ ನಿಂತ ಮಕರಪುರದ ಕಾರ್ಖಾನೆಯ ಶೆಡ್ಡುಗಳೂ ಅವಳವೇ. ಬೆಳಗ್ಗೆ ತಾನೇ ಪೇಸ್ಟಲ್ ಕಡ್ಡಿಗಳಲ್ಲಿ ಬರೆದು ಟೇಬಲ್ಲಿನ ಮೇಲೆ ಬಿಟ್ಟು ಬಂದಿದ್ದಳು. ಆದರೆ ಹೊಗೆಯಾಡುವ ಚಹದ ಕಪ್ಪು ಅವಳದಲ್ಲ. ಮೂಲೆಯಲ್ಲಿ ಮಿಣಮಿಣ ಮಿನುಗುತ್ತಿದ್ದ ಜೋಡಿ ಪಾರಿವಾಳ ಅವಳದಲ್ಲ. ಆಕಾಶದ ಈ ತುದಿಯಿಂದ ಆ ತುದಿಯವರೆಗೆ ಕೆಂಪು ಅಕ್ಷರಗಳಲ್ಲಿ 'ಗುಡ್ ಮಾರ್ನಿಂಗ್' ಎಂದಿತ್ತು. ಅದರ ಕೆಳಗೆ, ನಗುವೇ ಎಲ್ಲ ರೋಗಕ್ಕೂ ಮದ್ದು ಎಂದು ಹಿಂದಿಯಲ್ಲಿ ಒಂದು ಸಾಲು.

"ಕಿಸ್ನೇ ಭೇಜಾ?" ಎಂದಳು ಪ್ರೇಮಾ. ಅವಳಿಗೆ ನಗು ಬರಲಿಲ್ಲ.

"ಅರೇ, ಆಪ್ ಕೇ ಅಚ್ಯುತಭಾಯ್! ರೋಜ್ ಭೇಜ್ತೇ ಹೈಂ, ಪೂರೀ ಸೊಸೈಟಿ ಕೇ ಗ್ರೂಪ್ ಮೇಂ."

ದಿನಾ ಕಳಿಸುವವನು ತನ್ನ ಗಂಡನೇ ಎಂದು ತಿಳಿದು, ತರಕಾರಿಗೆಂದು ಹೊರಟವಳು ಖಾಲಿ ಚೀಲದೊಂದಿಗೆ ಅದೇ ಲಿಫ್ಟಿನಲ್ಲಿ ಮೇಲೆ ಬಂದಳು. ಗಂಡನ ವಿಮಾ ಕಚೇರಿಯ ವರ್ಗಾವಣೆ ಅವರನ್ನು ದಾವಣಗೆರೆಯಿಂದ ಎತ್ತಿ ವಡೋದರಾದಲ್ಲಿ ಇಟ್ಟಿತ್ತು. ಬಂದ ಹೊಸತರಲ್ಲಿ ಮಾತಿಗೆ ಜನವಿಲ್ಲದೆ ಹಿಡಿದ ಪೇಸ್ಟಲ್ ಈಗ ಹೇಗೆ ಅಂಟಿಕೊಂಡಿತ್ತೆಂದರೆ, ದಿನಕ್ಕೊಂದು ಹೂವನ್ನೋ ಬಯಲನ್ನೋ ಬರೆಯದಿದ್ದರೆ ಹಲ್ಲುಜ್ಜದೆ ಊಟಕ್ಕೆ ಕೂತ ಹಾಗೆ ಅನ್ನಿಸುತ್ತಿತ್ತು. ಅಚ್ಯುತ ಅದರ ಬಗ್ಗೆ ಒಳ್ಳೆಯದನ್ನೂ ಆಡಿದವನಲ್ಲ, ಕೆಟ್ಟದ್ದನ್ನೂ ಆಡಿದವನಲ್ಲ. ಅವನೀಗ ಒಗ್ಗರಣೆ ಅವಲಕ್ಕಿಯ ಮುಂದೆ ಕೂತಿದ್ದ.

"ನನ್ನ ಚಿತ್ರದ ಮೇಲೆ ಅಕ್ಷರ ಗೀಚೋಕೆ ನಿಮಗೆ ಯಾರ್ರೀ ಹೇಳಿದ್ದು?"

"ಯಾಕೆ, ಚೆನ್ನಾಗಿಲ್ವಾ? ನಮ್ಮ ಕಮಲಾಕ್ಷಿ ಅಲ್ಲಿ ಊರವರಿಗೆಲ್ಲ ಫಾರ್ವರ್ಡ್ ಮಾಡ್ತಾಳೆ ಗೊತ್ತಾ?" ಕಮಲಾಕ್ಷಿ ಅವನ ಅಕ್ಕ. "ಮೇಲ್ಗಡೆ ಖಾಲಿ ಇತ್ತಲ್ಲ, ಬರೆದೆ."

"ಖಾಲಿ ಇರ್ಲಿಲ್ಲ, ಆಕಾಶ ಇತ್ತು! ಈ ಊರಿನ ಧೂಳು ಹಿಡಿದ ಆಕಾಶ. ಆ ಬಣ್ಣ ತರೋಕೆ ಎಷ್ಟು ಕಡ್ಡಿ ತೇದಿದ್ದೀನಿ ನಾನು! ನಿಮ್ಮ ಪಾಲಿಸಿ ಕಾಗದದಲ್ಲಿ ಖಾಲಿ ಕಂಡಲ್ಲೆಲ್ಲ ನಾನು ರಂಗೋಲಿ ಹಾಕ್ಲಾ?"

"ಅಲ್ವೇ, ನಾಲ್ಕು ಜನ ನೋಡ್ಲಿ ಅಂತ ತಾನೆ ನೀನು ಬರೆಯೋದು? ನಾನು ನಾಲ್ಕು ನೂರು ಜನಕ್ಕೆ ತೋರಿಸ್ತಿದ್ದೀನಿ."

"ನೀವು ನೋಡಿದ್ದೀರಾ?"

"ದಿನಾ ಫೋಟೊ ತೆಗೆಯೋನು ನಾನೇ ಅಲ್ವೇನೇ?"

"ಹಾಗಾದ್ರೆ ಹೇಳಿ, ನಿನ್ನೆ ಯಾವ ಹೂವು?"

ಅಚ್ಯುತ ಚಮಚ ಕಚ್ಚಿಕೊಂಡು ಯೋಚಿಸಿದ. "ಗುಲಾಬಿ."

"ನಿನ್ನೆ ಹೂವೇ ಇರ್ಲಿಲ್ಲ. ವಿಶ್ವಾಮಿತ್ರಿ ಹೊಳೆ ಬರೆದಿದ್ದೆ. ದಡದಲ್ಲಿ ಮೊಸಳೆ ಮಲಗಿತ್ತು."

ಅವನು ಗಾಬರಿಯಿಂದ ಮೊಬೈಲು ತೆರೆದ. ಹೊಳೆ ಇತ್ತು, ಮೊಸಳೆಯೂ ಇತ್ತು. ಅದರ ಬೆನ್ನಿನ ಉದ್ದಕ್ಕೂ 'ಈ ದಿನ ನಿಮಗೆ ಶುಭವಾಗಲಿ' ಎಂದು ಹಾರೈಕೆ ಇತ್ತು. "ನಾನು ಮರದ ದಿಮ್ಮಿ ಅಂದ್ಕೊಂಡೆ," ಎಂದ ಸಣ್ಣ ದನಿಯಲ್ಲಿ. ಪ್ರೇಮಾ ಹಣೆ ಚಚ್ಚಿಕೊಂಡಳು. ಆ ದಿನವೆಲ್ಲ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ಮಾರನೆಯ ಬೆಳಗ್ಗೆ ಅವಳು ಹಟ ಹಿಡಿದು ಕೂತಳು. ಅಲ್ಲಲ್ಲಿ ಬಣ್ಣ ತುಂಬದೆ ಬಿಟ್ಟು, ಕಾಗದದ ಬಣ್ಣವನ್ನೇ ಗಾಳಿಯಂತೆ, ಬೆಳಕಿನಂತೆ ಉಳಿಸಿಕೊಳ್ಳುವುದು ಅವಳ ಅಭ್ಯಾಸ. ಈವತ್ತು ಅಂಗುಲ ಜಾಗವನ್ನೂ ಬಿಡಲಿಲ್ಲ. ಬೇವಿನ ಚಿಗುರು, ತಾರಸಿಯ ನೀರಿನ ಟ್ಯಾಂಕುಗಳು, ಕೊಳವೆಗಳು, ಒಣಹಾಕಿದ ಚುಕ್ಕಿ ಚುಕ್ಕಿಯ ಬಂಧೇಜ್ ಸೀರೆಗಳು, ಗೋಡೆ ಹತ್ತಿದ ಕಾಗದದ ಹೂಬಳ್ಳಿ, ಎಲ್ಲವನ್ನೂ ಒತ್ತೊತ್ತಾಗಿ ತುಂಬಿದಳು. ಉಳಿದ ತುಂಡು ಆಕಾಶದಲ್ಲೂ ಗಿಳಿಗಳ ಹಿಂಡು ಹಾರಿಸಿಬಿಟ್ಟಳು. ಬರೀರಿ ನೋಡೋಣ, ಎಲ್ಲಿ ಬರೀತೀರೋ!

ಅಚ್ಯುತ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮೊಬೈಲು ಹಿಡಿದು ಬಂದ. ನಿನ್ನೆಯ ಜಗಳ ಅವನಿಗೆ ನಿದ್ದೆಯಲ್ಲೇ ಕರಗಿಹೋಗಿತ್ತು. ಚಿತ್ರದ ಮೇಲ್ಭಾಗ ನೋಡಿದ, ಕೆಳಭಾಗ ನೋಡಿದ. ಮೂಲೆಯಲ್ಲಾದರೂ ಸಂದಿ ಸಿಕ್ಕೀತೇ ಎಂದು ಕನ್ನಡಕ ತಂದು ಹಾಕಿಕೊಂಡು ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಪ್ರೇಮಾ, ಈ ಟ್ಯಾಂಕಿನ ಮೇಲೆ ಕೂತಿರೋದು ನವಿಲಾ?"

"ಹೂಂ."

"ಇಲ್ಲಿ ಯಾರೋ ಅಜ್ಜ ಡಬ್ಬಿಯಲ್ಲಿ ತುಳಸಿಗೆ ನೀರು ಹಾಕ್ತಿದ್ದಾನೆ. ಬನಿಯನ್ ಹರಿದಿದೆ, ಪಾಪ." ಅವನ ಬೆರಳು ಕಾಗದ ಮುಟ್ಟದಂತೆ ಟ್ಯಾಂಕಿನಿಂದ ಸೀರೆಗೆ, ಸೀರೆಯಿಂದ ಬಳ್ಳಿಗೆ ನಿಧಾನವಾಗಿ ಸರಿಯಿತು. ಮೊಬೈಲು ಟೇಬಲ್ಲಿನ ಮೇಲೆ ತಾನಾಗಿ ಆರಿಹೋಯಿತು.

ಬಹಳ ಹೊತ್ತಿನ ಮೇಲೆ ಅವನು ತಲೆಯೆತ್ತಿದ. ಮುಖ ಅರಳಿತ್ತು. "ಎಷ್ಟು ಚೆನ್ನಾಗಿದೆಯೇ ಈ ಜಾಗ! ಯಾವೂರು ಇದು? ರಜಾ ಹಾಕ್ತೀನಿ, ಒಂದು ಸಲ ಹೋಗಿ ಬರೋಣ."

ಪ್ರೇಮಾ ಗಂಡನ ಗಲ್ಲ ಹಿಡಿದು, ಮಗುವಿನ ಮುಖ ತಿರುಗಿಸುವಂತೆ, ಅವನ ಮುಖವನ್ನು ಅಡುಗೆಮನೆಯ ಕಿಟಕಿಯ ಕಡೆಗೆ ತಿರುಗಿಸಿ ಹಿಡಿದಳು. ಹೊರಗೆ ಅಜ್ಜ ತುಳಸಿಗೆ ನೀರು ಹಾಕಿ ಮುಗಿಸಿ, ಖಾಲಿ ಡಬ್ಬಿ ಕೊಡವುತ್ತಿದ್ದ.

ಅಚ್ಯುತ ಆಫೀಸಿಗೆ ಹೊರಟಾಗ, ನುಣ್ಣಗೆ ಹೆರೆದ ಅವನ ಎರಡೂ ಕೆನ್ನೆಗಳ ಮೇಲೆ ಅವಳ ಬೆರಳುಗಳ ನೀಲಿ ಪೇಸ್ಟಲ್ ಗುರುತು ಸ್ಪಷ್ಟವಾಗಿ ಮೂಡಿತ್ತು. ಪ್ರೇಮಾ ನೋಡಿದಳು, ಒರೆಸಿಕೊಳ್ಳಿ ಎನ್ನಲಿಲ್ಲ.