ಡಾಕ್ಟರು ಹೇಳಿದ ಸದ್ದು

ವಸ್ತುಗಳು ಸದ್ದು ಮಾಡುವುದನ್ನು ನಿಲ್ಲಿಸಿದ ಮೇಲೆ ಎಲ್ಲ ಸದ್ದನ್ನೂ ಜನರೇ ಬಾಯಲ್ಲಿ ಹೇಳಬೇಕಿತ್ತು. ಹುಬ್ಬಳ್ಳಿಯ ಆಟೋದವನು ದಾರಿಯುದ್ದಕ್ಕೂ "ಬುರ್ರ್" ಎಂದ. ಆಸ್ಪತ್ರೆಯ ಬಾಗಿಲು ತಳ್ಳುತ್ತ ಬಸವಂತ "ಕಿರ್ರ್" ಎಂದ.

ಡಾಕ್ಟರು ಸ್ಕ್ಯಾನಿಂಗ್ ಪರದೆ ನೋಡುತ್ತ ಸುಮ್ಮನಿದ್ದರು. ಹೋದ ಬಸಿರಿನಲ್ಲೂ ಹೀಗೇ ಸುಮ್ಮನಿದ್ದು, ಕೊನೆಗೆ ತಲೆ ತಗ್ಗಿಸಿದ್ದರು. ಮಲಗಿದ್ದ ಗಂಗವ್ವ ಗಂಡನ ಕೈ ಬಿಗಿಯಾಗಿ ಹಿಡಿದಳು.

"ಏನರ ಅನ್ರೀ ಡಾಕ್ಟ್ರ!"

"ಡವಡವ, ಡವಡವ, ಡವಡವ..."

"ಕೂಸಿನ ಎದಿ!" ಬಸವಂತ ಕುಣಿದೇಬಿಟ್ಟ.

ಡಾಕ್ಟರು ನಿಲ್ಲಿಸದೆಯೇ ನರ್ಸನ್ನು ಕೈಬೀಸಿ ಕರೆದು ಪರದೆಯ ಇನ್ನೊಂದು ಬದಿ ತೋರಿಸಿದರು. ನರ್ಸ್ ಕಣ್ಣರಳಿಸಿ, ಬೇರೆಯದೇ ಲಯದಲ್ಲಿ ಶುರು ಮಾಡಿದಳು. "ಡವಡವ, ಡವಡವ..."

"ಯಾಕ, ಡಾಕ್ಟ್ರ ದಣಿದ್ರೇನ?" ಬಸವಂತ ಗಾಬರಿಯಾದ.

ಗಂಗವ್ವ ಅಳುತ್ತಲೇ ನಕ್ಕಳು. "ಇಲ್ರೀ, ಒಂದ ಬಾಯಿ ಸಾಲವಲ್ದು!"